ಕಾಲಂ ಕೆಳಗಿನ ಒಂದು ಸಾಲು

(ಭಾಲ್ಕಿ ಹಾಗೂ ಔರಾದ್ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಬೀದರ್ ನಗರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಗಣಕಯಂತ್ರದಲ್ಲಿ ನಮೂನೆ ತುಂಬುವುದು ಡೇಟಾ ಎಂಟ್ರಿ ಆಪರೇಟರ್ ಅವರ ಕೆಲಸ, ಅದರಲ್ಲಿ ಸದಸ್ಯರ ಪಾತ್ರವೇನು ಎಂದು ತಾವು ಕೇಳಬಹುದು. ಉತ್ತರವಾಗಿ ಒಂದು ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ.

30 ಅಡಿ ಅಗಲ, 40 ಅಡಿ ಉದ್ದದ ನಿವೇಶನದ ವಿಸ್ತೀರ್ಣ 1,200 ಚದರ ಅಡಿ, ಅಂದರೆ ಸುಮಾರು 111.5 ಚದರ ಮೀಟರ್. ಮೀಟರ್ ಅಪೇಕ್ಷಿಸುವ ಕಾಲಂನಲ್ಲಿ ಅದೇ 30 ಮತ್ತು 40 ನಮೂದಾದರೆ ವಿಸ್ತೀರ್ಣ 1,200 ಚದರ ಮೀಟರ್ ಆಗುತ್ತದೆ. ಇರುವುದಕ್ಕಿಂತ ಹತ್ತು ಪಟ್ಟಿಗೂ ಅಧಿಕ. ವಿಸ್ತೀರ್ಣವನ್ನು ಆಧರಿಸಿದ ತೆರಿಗೆ ಬೇಡಿಕೆಯೂ ಅದರಂತೆ ಏರುತ್ತದೆ. ಬ್ಯಾಂಕ್ ಸಾಲಕ್ಕೆ, ಕ್ರಯಕ್ಕೆ, ಅಣ್ಣತಮ್ಮಂದಿರ ಪಾಲಿಗೆ ಆ ಕಾಗದ ಹೊರಬಂದಾಗ ಕುಟುಂಬವು ತಿದ್ದುಪಡಿಗಾಗಿ ಕಚೇರಿಗಳನ್ನು ಅಲೆಯಬೇಕಾಗುತ್ತದೆ. ಕಾಲಂ ಮೇಲೆ ‘ಅಗಲ’ ಎಂದಷ್ಟೇ ಇರುವುದು ಸಾಲದು. ಅದರ ಕೆಳಗೆ ‘ಮೀಟರ್‌ನಲ್ಲಿ ಬರೆಯಿರಿ, 30 ಅಡಿ ಎಂದರೆ 9.14 ಮೀಟರ್’ ಎಂಬ ಸಾಲೊಂದಿದ್ದರೆ ಆ ತಪ್ಪು ಅಲ್ಲಿಯೇ ತಡೆಯಲ್ಪಡುತ್ತದೆ.

ಇಂತಹ ಸಾಲು ಸೇರಿಸುವುದು ಕಷ್ಟದ ಕೆಲಸವಲ್ಲ. ಉದಾಹರಣೆಗೆ, ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕ್ ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯೊಂದರಲ್ಲಿ ರೂಪುಗೊಂಡು, 2005ರಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯಿತು. ಪ್ರೋಗ್ರಾಮಿಂಗ್ ಅರಿಯದ ಸುದ್ದಿಮನೆಯ ಸಿಬ್ಬಂದಿಯೂ ಮಾಹಿತಿ ತುಂಬಲೆಂದು ಅದರಲ್ಲಿ ಅಡ್ಮಿನ್ ಪುಟವನ್ನು ಅಳವಡಿಸಲಾಗಿದೆ. ಪ್ರತಿ ಕಾಲಂಗೂ ‘ಹೆಲ್ಪ್ ಟೆಕ್ಸ್ಟ್’ ಎಂಬ ಸೂಚನಾ ಸಾಲನ್ನು ಕೊಡಬಹುದು. ಅದನ್ನು ಮೂಲ ಮಾದರಿಯಲ್ಲಿ ಬರೆದರೆ ಆ ಮಾದರಿಯಿಂದ ಹುಟ್ಟುವ ನಮೂನೆಗಳಲ್ಲೆಲ್ಲ ಕಾಣುತ್ತದೆ. ಅಡ್ಮಿನ್ ಪುಟದ ನಮೂನೆಗೆ ಮಾತ್ರ ಬರೆದರೆ ಸಿಬ್ಬಂದಿಗೆ ಮಾತ್ರ ಕಾಣುತ್ತದೆ. ಎರಡರಲ್ಲಿಯೂ ಈಗಾಗಲೇ ಸಂಗ್ರಹವಾಗಿರುವ ದಾಖಲೆಗಳು ಬದಲಾಗುವುದಿಲ್ಲ. ಖಾಲಿ ಚೌಕದೊಳಗೆ ಮಸುಕಾಗಿ ಕಾಣುವ ಸೂಚನೆ ಬೇರೆ; ಅಕ್ಷರ ಒತ್ತಿದೊಡನೆ ಅದು ಮಾಯವಾಗುತ್ತದೆ. ಚೌಕದ ಹೊರಗಿನ ಸಾಲು ಕೊನೆಯವರೆಗೂ ಉಳಿಯುವುದರಿಂದ ಅಳತೆ, ದಿನಾಂಕಗಳಿಗೆ ಅದೇ ಯೋಗ್ಯ.

ಸಾಲನ್ನು ಸೇರಿಸುವವರು ತಂತ್ರಜ್ಞರು. ಆದರೆ ಅದರಲ್ಲಿ ಏನಿರಬೇಕೆಂಬುದನ್ನು ಬಲ್ಲವರು ತಾವು. ಭಾಲ್ಕಿ, ಔರಾದ್ ಭಾಗದಲ್ಲಿ ಕನ್ನಡದೊಡನೆ ಮರಾಠಿ, ಉರ್ದು ಮಾತುಗಳೂ ಬಳಕೆಯಲ್ಲಿವೆ. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಅನೇಕ ಹಳೆಯ ದಾಖಲೆಗಳು ಉರ್ದುವಿನಲ್ಲಿವೆ. ಒಬ್ಬರದೇ ಹೆಸರು ಒಂದು ಕಾಗದದಲ್ಲಿ ಅಡ್ಡಹೆಸರಿನೊಂದಿಗೆ, ಇನ್ನೊಂದರಲ್ಲಿ ಅದಿಲ್ಲದೆ ಇರುತ್ತದೆ. ಮದುವೆಯಾದ ಹೆಣ್ಣುಮಗಳ ಹೆಸರಿನ ಮುಂದೆ ಒಂದೆಡೆ ತಂದೆಯ ಹೆಸರು, ಇನ್ನೊಂದೆಡೆ ಗಂಡನ ಹೆಸರು. ‘ಪೂರ್ಣ ಹೆಸರು’ ಎಂಬ ಕಾಲಂ ಇವುಗಳಲ್ಲಿ ಯಾವುದನ್ನು ಕೇಳುತ್ತಿದೆ? ದೂರದ ನಗರದಲ್ಲಿ ಕುಳಿತು ನಮೂನೆ ರಚಿಸುವವರಿಗೆ ಈ ಪ್ರಶ್ನೆಯೇ ಹೊಳೆಯದೆ ಹೋಗಬಹುದು.

ಆದ್ದರಿಂದ ತಮ್ಮಲ್ಲಿ ಮೂರು ವಿನಂತಿಗಳಿವೆ. ಒಂದು, ಹೊಸ ನಮೂನೆ ಜಾರಿಗೆ ಬರುವ ಮುನ್ನ ಅದನ್ನು ಸಾಮಾನ್ಯ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಅರ್ಥವಾಗದ ಕಾಲಂಗಳನ್ನು ಗುರುತು ಹಾಕಿಸಿರಿ. ಎರಡು, ಪ್ರತಿ ಗುರುತಿಗೂ ಒಂದೇ ಸಾಲಿನ, ಒಂದು ಉದಾಹರಣೆಯುಳ್ಳ ಸೂಚನೆಯನ್ನು ಸರಳ ಕನ್ನಡದಲ್ಲಿ ಬರೆಸಿರಿ. ಮೂರು, ಇ-ಸ್ವತ್ತು, ಪಂಚತಂತ್ರ ಮುಂತಾದ ರಾಜ್ಯಮಟ್ಟದ ತಂತ್ರಾಂಶಗಳನ್ನು ನಾವು ಇಲ್ಲಿಂದ ತಿದ್ದಲಾಗದು. ಅವುಗಳ ಕುರಿತ ಸಲಹೆಗಳನ್ನು ನಿರ್ಣಯದ ರೂಪದಲ್ಲಿ ತಾಲ್ಲೂಕು ಪಂಚಾಯಿತಿಯ ಮೂಲಕ ಜಿಲ್ಲಾ ಪಂಚಾಯಿತಿಗೆ ಕಳುಹಿಸಿರಿ.

ಅರ್ಜಿ ಹಿಡಿದು ಬರುವವರಲ್ಲಿ ಕೂಲಿಯ ದಿನವನ್ನೇ ಬಿಟ್ಟು ಬಂದವರಿರುತ್ತಾರೆ. ಸ್ಪಷ್ಟವಾದ ಒಂದು ಸಾಲು ಅವರಿಗೆ ಇನ್ನೊಂದು ದಿನದ ಕೂಲಿಯನ್ನು ಉಳಿಸಿಕೊಡುತ್ತದೆ.