ಗುಳ್ಳೆ ಉಗುಳುವ ಯಂತ್ರ ಮತ್ತು ಬೆಳ್ಳಂದೂರಿನ ನೊರೆ



ಗೊರಿಲ್ಲಾ ವೇಷ ತೊಟ್ಟ ಒಬ್ಬ ಮನುಷ್ಯ. ಅವನ ತಲೆಗೆ ಮುಳುಗುಗಾರರು ಧರಿಸುವಂಥ ಗುಂಡನೆಯ ಲೋಹದ ಟೊಪ್ಪಿಗೆ, ಅದರ ಮೇಲೆ ಆಂಟೆನಾ. ಇವನೇ ಅನ್ಯಲೋಕದಿಂದ ಬಂದ ಯಂತ್ರಮಾನವನೆಂದು ನಾವು ನಂಬಬೇಕು! ಇದು 1953ರ 'ರೋಬಾಟ್ ಮಾನ್‌ಸ್ಟರ್' ಎಂಬ ಅಮೆರಿಕನ್ ಚಿತ್ರ. ನಿರ್ದೇಶಕ ಫಿಲ್ ಟಕರ್ ಸುಮಾರು 16 ಸಾವಿರ ಡಾಲರ್ ವೆಚ್ಚದಲ್ಲಿ, 4 ದಿನಗಳಲ್ಲಿ ಚಿತ್ರೀಕರಣ ಮುಗಿಸಿದರು. ಲೋಹದ ಉಡುಪು ಮಾಡಿಸಲು ಹಣವಿರಲಿಲ್ಲ. ನಟ ಜಾರ್ಜ್ ಬ್ಯಾರೋಸ್ ಅವರ ಬಳಿ ಸ್ವಂತ ಗೊರಿಲ್ಲಾ ವೇಷವಿತ್ತು. ಅದರಲ್ಲೇ ಕೆಲಸ ಸಾಗಿತು. ಗವಿಯ ಬಾಗಿಲಲ್ಲಿ ಗುಳ್ಳೆ ಉಗುಳುವ ಯಂತ್ರವೊಂದನ್ನು ಇಟ್ಟರು. ಅದೇ ರಾಕ್ಷಸನ ಮಹಾ ವೈಜ್ಞಾನಿಕ ಸಾಧನ!

ಅಣುಬಾಂಬಿನ ಭೀತಿ ಹಸಿಯಾಗಿದ್ದ ಆ ದಿನಗಳಲ್ಲಿ ಇಂಥ ಚಿತ್ರಗಳು ಸಾಲುಸಾಲಾಗಿ ಬಂದವು. ಪೋಸ್ಟರಿನಲ್ಲಿ ಪ್ರಳಯ, ಪರದೆಯ ಮೇಲೆ ರಟ್ಟಿನ ರಾಕೆಟ್ಟು. ಆದರೂ ಇಂದಿಗೂ ಜನ ಇವನ್ನು ಇಷ್ಟಪಟ್ಟು ನೋಡುತ್ತಾರೆ. ಏಕೆ? ಅಲ್ಲಿ ಯಾರೂ ತಮಾಷೆ ಮಾಡುತ್ತಿಲ್ಲ. ಊರ ನಾಟಕದಲ್ಲಿ ಭೀಮನ ಗದೆಯ ಬೇಗಡೆ ಕಿತ್ತು ಬಂದರೂ ಅವನ ಆರ್ಭಟ ತಗ್ಗುವುದಿಲ್ಲವಷ್ಟೆ? ನಮ್ಮ ನಗುವಿನಲ್ಲಿ ಅಕ್ಕರೆ ಬೆರೆಯುವುದು ಆ ನಿಷ್ಠೆಯನ್ನು ಕಂಡೇ.

ನಮ್ಮ ಕಡೆಯೂ ಇಂಥ ಸಾಹಸಗಳು ನಡೆದಿವೆ. ಸೇಲಂನ ಮಾಡರ್ನ್ ಥಿಯೇಟರ್ಸ್ ಸಂಸ್ಥೆ ಅಮೆರಿಕನ್ನರೊಡನೆ ಸೇರಿ 1952ರಲ್ಲಿ ತಯಾರಿಸಿದ 'ಕಾಡು' ಚಿತ್ರದಲ್ಲಿ ಆನೆಗಳಿಗೆ ಕೂದಲು ಹೊದಿಸಿ, ಅಳಿದುಹೋದ ಮ್ಯಾಮತ್‌ಗಳೆಂದು ತೋರಿಸಿದರು. 1968ರಲ್ಲಿ ದೊರೈ–ಭಗವಾನ್ ನಿರ್ದೇಶಿಸಿದ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999. ಲೋಹವನ್ನು ಚಿನ್ನವಾಗಿಸುವ ಸೂತ್ರಕ್ಕಾಗಿ ಅಲ್ಲಿ ಹೋರಾಟ. ಚಿನ್ನದ ಪರಮಾಣುವಿನಲ್ಲಿ 79 ಪ್ರೋಟಾನುಗಳಿವೆ. ರಾಸಾಯನಿಕ ಕ್ರಿಯೆ ಪರಮಾಣುವಿನ ಬೀಜವನ್ನು ಮುಟ್ಟಲಾರದು ಎಂದು ತಿಳಿದ ಮೇಲೂ ಆ ಚಿತ್ರದ ರುಚಿ ಕೆಡುವುದಿಲ್ಲ.

ಆದ್ದರಿಂದ ನಕ್ಕ ಮೇಲೆ ಒಂದು ಪ್ರಶ್ನೆ ಕೇಳಿ: ಇದು ಸಾಧ್ಯವೇ? ದೈತ್ಯ ಇರುವೆಯನ್ನೇ ತೆಗೆದುಕೊಳ್ಳಿ. ಇರುವೆಯ ಉದ್ದ 100 ಪಟ್ಟಾದರೆ ಕಾಲಿನ ಅಡ್ಡಕೊಯ್ತದ ಕ್ಷೇತ್ರಫಲ 10 ಸಾವಿರ ಪಟ್ಟಾಗುತ್ತದೆ. ತೂಕವಾದರೋ 10 ಲಕ್ಷ ಪಟ್ಟು! ಊರನ್ನು ತುಳಿಯುವ ಮೊದಲೇ ಅದು ಕುಸಿದುಬೀಳುತ್ತದೆ.

ಇದೇ ಪ್ರಶ್ನೆಯನ್ನು ಈಗ ನಿಮ್ಮ ಬೆಳ್ಳಂದೂರಿಗೆ ತನ್ನಿ. ಕೆರೆಯ ಮೇಲೆ ಬಿಳಿಯ ಬೆಟ್ಟದಂಥ ನೊರೆ. ಗಾಳಿಗೆ ಹಾರಿ ಯಮಲೂರಿನ ರಸ್ತೆಗೆ ಬಂತು. 2015ರ ಮೇ ತಿಂಗಳಲ್ಲಿ ಕೆರೆಗೇ ಬೆಂಕಿ ಹತ್ತಿತು. 2017ರಲ್ಲೂ 2018ರಲ್ಲೂ ಹೊಗೆ ಎದ್ದಿತು. ಚಿತ್ರಗಳನ್ನು ಕಂಡವರು, ಯಾವುದೋ ಅಗ್ಗದ ಸಿನಿಮಾದ ದೃಶ್ಯವಿರಬೇಕು ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಸಾಧ್ಯವೇ ಎಂದು ಕೇಳಬೇಕಾಗಿಲ್ಲ, ಕಣ್ಣೆದುರೇ ನಡೆದಿದೆ. ಕೇಳಬೇಕಾದದ್ದು, ಇದು ಎಲ್ಲಿಂದ ಬಂತು ಎಂಬುದನ್ನು.

ಅನ್ಯಲೋಕದಿಂದಂತೂ ಅಲ್ಲ. ನಾವು ಬಟ್ಟೆ ಪಾತ್ರೆ ತೊಳೆದ ನೀರು ಶುದ್ಧಗೊಳ್ಳದೆ ಕೆರೆ ಸೇರುತ್ತದೆ. ಮಾರ್ಜಕದ ಅಣುಗಳು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುತ್ತವೆ. ಕೋಡಿಯಲ್ಲಿ ನೀರು ಧುಮುಕುವಾಗ ಗಾಳಿ ಬೆರೆತು ನೊರೆ ಏಳುತ್ತದೆ. ಎಣ್ಣೆ, ಜಿಡ್ಡು, ಕೊಳೆತ ವಸ್ತುವಿನಿಂದ ಹೊರಡುವ ಮೀಥೇನ್ ಅನಿಲ, ದಡದ ಒಣಹುಲ್ಲು, ಕಸ ಇವೆಲ್ಲ ಉರಿಯಬಲ್ಲವು. ಟಕರ್ ಅವರ ಗುಳ್ಳೆ ಯಂತ್ರವನ್ನು ಚಿತ್ರೀಕರಣ ಮುಗಿದೊಡನೆ ನಿಲ್ಲಿಸಬಹುದಿತ್ತು. ಇದು ಪ್ರತಿ ಮನೆಯ ಬಚ್ಚಲಿನಿಂದ ನಡೆಯುವ ಯಂತ್ರ. ಶುದ್ಧೀಕರಣ ಘಟಕವಿಲ್ಲದೆ ನಿಲ್ಲದು.

ಒಂದು ಪ್ರಯೋಗ ಮಾಡಿ. ಎರಡು ಬಾಟಲಿಗಳಲ್ಲಿ ಅರ್ಧದಷ್ಟು ನೀರು ತುಂಬಿ, ಒಂದಕ್ಕೆ ಮಾತ್ರ ಚಿಟಿಕೆ ಸೋಪಿನ ಪುಡಿ ಹಾಕಿ. ಎರಡನ್ನೂ 20 ಬಾರಿ ಕುಲುಕಿ, ನೊರೆಯ ಎತ್ತರ ಅಳೆಯಿರಿ; ಐದು ನಿಮಿಷಕ್ಕೊಮ್ಮೆ ಬರೆದಿಡಿ. ಆಮೇಲೆ ನಿಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿ. ಉತ್ತರ ಸಿಕ್ಕಿದ ದಿನ 'ರೋಬಾಟ್ ಮಾನ್‌ಸ್ಟರ್' ನೋಡಿ, ಮನಸಾರೆ ನಗಿ.