ಬಾಣಂತಿ ಸನ್ನಿ ದೆವ್ವದ ಕಾಟವಲ್ಲ



ಇಲ್ಲದ ದನಿ ಕೇಳುವುದು, ಇಲ್ಲದ ರೂಪ ಕಾಣುವುದು, ಎಲ್ಲರ ಮೇಲೂ ಅನುಮಾನ. ಇಂಥವರನ್ನು ಕಂಡರೆ ನಾವು ಏನಂತೀವಿ? "ಹುಚ್ಚು ಹಿಡಿದಿದೆ" ಅಂತೀವಿ. ಇಲ್ಲವೆ "ಗಾಳಿ ಸೋಕಿದೆ" ಅಂತೀವಿ. ಸ್ಕಿಜೋಫ್ರೀನಿಯಾ ಎಂಬ ಮನೋರೋಗದಲ್ಲಿ ಹೀಗಾಗುವುದು ನಿಜ. ಆದರೆ ಹೀಗಾದವರಿಗೆಲ್ಲ ಅದೇ ರೋಗ ಇರುವುದಿಲ್ಲ.

ನಮ್ಮ ಹಿರಿಯರು ಜ್ವರ ಏರಿ ಬಡಬಡಿಸಿದರೆ "ಸನ್ನಿ" ಅಂತಿದ್ದರು. ಹೆರಿಗೆಯಾದ ಮೇಲೆ ಬಂದರೆ "ಬಾಣಂತಿ ಸನ್ನಿ". ಹೆಸರು ಸರಿಯಾಗೇ ಇಟ್ಟರು. ಮದ್ದು ಮಾತ್ರ ಬೇವಿನ ಸೊಪ್ಪಿನ ಏಟು!

ಬಾಣಂತಿ ಸನ್ನಿ ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಹೆಚ್ಚಾಗಿ ಹೆರಿಗೆಯಾದ 2 ವಾರದೊಳಗೆ. ನಿದ್ದೆ ಹತ್ತುವುದಿಲ್ಲ. "ಇದು ನನ್ನ ಮಗು ಅಲ್ಲ" ಅನ್ನುತ್ತಾಳೆ. ಊಟದಲ್ಲಿ ವಿಷ ಇದೆ ಅನ್ನುತ್ತಾಳೆ. ಬೇಕೆಂದು ಹೀಗೆ ಆಡುವುದಿಲ್ಲ. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಅವಳನ್ನು ಒಂಟಿಯಾಗಿ ಬಿಡಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚಿಕಿತ್ಸೆ ಕೊಟ್ಟರೆ ಬಹಳ ಮಂದಿ ಪೂರ್ತಿ ಗುಣವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತಾಯಿ, ಮಗುವನ್ನು ಜೊತೆಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಮುಂದಿನ ಬಸುರಿನಲ್ಲಿ ಮೊದಲೇ ಡಾಕ್ಟರಿಗೆ ಹೇಳಬೇಕು. ಮತ್ತೆ ಬರುವ ಸಂಭವ ಉಂಟು.

ಇಂಥವಳನ್ನು ತವರಿಗೆ ಅಟ್ಟಿ, ಮಗನಿಗೆ ಬೇರೆ ಹೆಣ್ಣು ನೋಡುವವರಿದ್ದಾರೆ. ಟೈಫಾಯಿಡ್ ಬಂದ ಸೊಸೆಯನ್ನು ಹೀಗೆ ಅಟ್ಟುತ್ತಾರೆಯೆ?

ಇನ್ನು ವಯಸ್ಸಾದವರು. ನಿನ್ನೆವರೆಗೆ ಸರಿ ಇದ್ದ ಅಜ್ಜಿ ಇವತ್ತು ರಾತ್ರಿ "ಮೂಲೆಯಲ್ಲಿ ಯಾರೋ ನಿಂತಿದ್ದಾರೆ" ಅಂದರೆ? ಮೂತ್ರದ ಸೋಂಕು ಇರಬಹುದು. ನ್ಯುಮೋನಿಯಾ ಇರಬಹುದು. ಸಕ್ಕರೆ ಇಳಿದಿರಬಹುದು. ಹೊಸ ಮಾತ್ರೆಯಿಂದಲೂ ಆಗಬಹುದು. ತಡಮಾಡದೆ ಡಾಕ್ಟರಿಗೆ ತೋರಿಸಿ.

ಅತ್ತೆ ದಿನಾ "ನನ್ನ ಸರ ಸೊಸೆ ಕದ್ದಳು" ಅಂತಾರೋ? ಇಟ್ಟ ಜಾಗ ಮರೆತಿರಬಹುದು. ಅದು ಮರೆವಿನ ರೋಗದ ಗುರುತೂ ಆಗಿರಬಹುದು. ಕಿವಿ ಮಂದವಾದರೂ ಅನುಮಾನ ಹುಟ್ಟುತ್ತದೆ. ನಾವು ಮೆಲ್ಲಗೆ ಮಾತಾಡಿದರೆ ಅವರಿಗೆ ಚಾಡಿ ಹೇಳಿದಂತೆ ಕಾಣುತ್ತದೆ, ಪಾಪ.

ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ 2-3 ದಿನದಲ್ಲಿ ಕೈ ನಡುಗಿ, ಮೈಮೇಲೆ ಹುಳು ಹರಿದಂತೆ ಆಗಬಹುದು. ಪ್ರಾಣವೂ ಹೋಗಬಹುದು. ಕುಡಿತ ಬಿಡಿಸಿ. ಆದರೆ ಡಾಕ್ಟರನ್ನು ಕೇಳಿ ಬಿಡಿಸಿ.

ಗಂಡ ತೀರಿಕೊಂಡ ಮೇಲೆ ಅವರು ಕರೆದಂತೆ ಕೇಳಿಸಿತೆ? ಹೆದರಬೇಡಿ. ಅದು ದುಃಖ, ಹುಚ್ಚಲ್ಲ.

14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ. ದುಡ್ಡಿಲ್ಲ. ಆಸ್ಪತ್ರೆಗೆ ಹೋಗುವಾಗ ಒಂದು ಚೀಟಿ ಒಯ್ಯಿರಿ. ಎಂದಿನಿಂದ ಹೀಗಾಯಿತು, ಜ್ವರ ಇತ್ತೆ, ಯಾವ ಮಾತ್ರೆ ನುಂಗಿದರು, ಎಷ್ಟು ರಾತ್ರಿ ನಿದ್ದೆ ಇಲ್ಲ, ಎಲ್ಲ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದಲ್ಲ!