ಬೆಟ್ಟಕ್ಕೆ ಹೊರಟ ಚೀಲದಲ್ಲಿ ಎರಡೇ ಲೆನ್ಸ್



ಮಳೆಗಾಲ ಮುಗಿಯುತ್ತಿದ್ದಂತೆ ಕುದುರೆಮುಖ ಹತ್ತಲು ಹೊರಡುವವರ ತಯಾರಿ ಶುರುವಾಗುತ್ತದೆ. ಅವರಲ್ಲಿ ಕ್ಯಾಮೆರಾ ಹಿಡಿದವರೂ ಬಹಳ ಮಂದಿ. ಹೊರಡುವ ಹಿಂದಿನ ರಾತ್ರಿ ಅವರೆಲ್ಲರನ್ನೂ ಕಾಡುವ ಪ್ರಶ್ನೆ ಒಂದೇ: ಯಾವ ಲೆನ್ಸ್ ಒಯ್ಯಲಿ, ಯಾವುದನ್ನು ಮನೆಯಲ್ಲಿ ಬಿಡಲಿ? ಇವತ್ತಿನ ಮಾತು ಅದರ ಬಗ್ಗೆಯೇ. ಕೈಗೆ ಸಿಗುವಂತೆ ಒಂದು ಪೆನ್ನು, ಒಂದು ಚೀಟಿ ಇಟ್ಟುಕೊಳ್ಳಿ. ನಡುನಡುವೆ ಕೆಲವು ಅಂಕಿ ಹೇಳುತ್ತೇನೆ.

ಮೊದಲು ದಾರಿ ಹೇಗಿದೆ ನೋಡೋಣ. ಕುದುರೆಮುಖ ಶಿಖರದ ಎತ್ತರ ಸುಮಾರು 1,890 ಮೀಟರ್. ಕಳಸದ ಕಡೆಯಿಂದ ಬಂದು ಮುಳ್ಳೋಡಿಯಲ್ಲಿ ನಡಿಗೆ ಶುರುಮಾಡಿದರೆ, ಹತ್ತಿ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ 20 ಕಿಲೋಮೀಟರ್ ಆಗಿರುತ್ತದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು ಇದು. ಅರಣ್ಯ ಇಲಾಖೆಯ ಅನುಮತಿ ಪಡೆದು, ಬೆಳಿಗ್ಗೆ ಹೊರಟು, ಸಂಜೆಯೊಳಗೆ ಇಳಿದುಬಿಡಬೇಕು. ಮೇಲೆ ಟೆಂಟ್ ಹಾಕುವಂತಿಲ್ಲ. ಹಳ್ಳಗಳನ್ನು ದಾಟಬೇಕು, ಶೋಲ ಕಾಡಿನ ನೆರಳಲ್ಲಿ ಕಾಲಿಗೆ ಹತ್ತಿದ ಉಂಬಳ ಕಿತ್ತುಹಾಕುತ್ತ ನಡೆಯಬೇಕು. ನೀರು, ಬುತ್ತಿ, ಮಳೆಕೋಟು ಹೇಗೂ ಬೆನ್ನ ಮೇಲಿರುತ್ತವೆ. ಇವೆಲ್ಲ ಆದಮೇಲೆ ಕ್ಯಾಮೆರಾಕ್ಕೆ ಎಷ್ಟು ತೂಕ ಉಳಿಯುತ್ತದೆ ಎಂಬುದು ನಿಜವಾದ ಲೆಕ್ಕ.

ನಾನು ಮೊದಲ ಸಲ ಹೋದಾಗ ಈ ಲೆಕ್ಕ ಹಾಕಿರಲಿಲ್ಲ. ಮೂರು ದಪ್ಪ ಲೆನ್ಸ್, ಒಂದು ಟ್ರೈಪಾಡ್ ಹೊತ್ತಿದ್ದೆ. ಜೊತೆಗಿದ್ದ ಊರಿನ ಹುಡುಗ ಮುಂದೆ ಹೋಗಿ ನಿಂತು, "ಬೇಗ ಬನ್ನಿ ಸಾರ್, ಮಂಜು ಕೂತ್ರೆ ಏನೂ ಕಾಣಲ್ಲ" ಎಂದು ಮತ್ತೆ ಮತ್ತೆ ಕರೆಯುತ್ತಿದ್ದ. ಕಡಿದಾದ ಏರಿನಲ್ಲಿ ನೂರು ಹೆಜ್ಜೆಗೊಮ್ಮೆ ಕೂತೆ. ತುದಿ ಮುಟ್ಟುವ ಹೊತ್ತಿಗೆ ಅವನು ಹೇಳಿದ್ದೇ ಆಗಿತ್ತು. ಕಣಿವೆಯೆಲ್ಲ ಬಿಳಿ. ಹೊತ್ತು ತಂದ ಮೂರರಲ್ಲಿ ಎರಡು ಲೆನ್ಸ್ ಚೀಲದಿಂದ ಹೊರಗೇ ಬರಲಿಲ್ಲ. ಭಾರದಿಂದ ಹೆಗಲು ನೋಯುವುದು ಒಂದು ಮಾತು. ಬೆಳಕಿರುವ ಹೊತ್ತಿಗೆ ಜಾಗಕ್ಕೆ ತಲುಪಲು ಬಿಡುವುದಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಮಾತು. ಅಂದು ಕಲಿತದ್ದನ್ನೇ ಇಂದು ಹೇಳುತ್ತಿದ್ದೇನೆ.

ಬೆಟ್ಟ ಹತ್ತುವುದರಲ್ಲೂ ಪಳಗಿದ್ದ ಅಮೆರಿಕದ ಛಾಯಾಗ್ರಾಹಕ ಗೇಲನ್ ರೋವೆಲ್ ಅವರ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1981ರಲ್ಲಿ ಟಿಬೆಟಿನ ಲ್ಹಾಸಾದಲ್ಲಿ ಅವರಿಗೆ ಕಾಮನಬಿಲ್ಲು ಕಂಡಿತು. ಆದರೆ ಅವರು ನಿಂತ ಜಾಗದಿಂದ ಅದು ಪೊಟಾಲಾ ಅರಮನೆಯ ಮೇಲೆ ಬೀಳುತ್ತಿರಲಿಲ್ಲ. ನಾವು ಸರಿದರೆ ಕಾಮನಬಿಲ್ಲೂ ಸರಿಯುತ್ತದೆ ಎಂದು ತಿಳಿದಿದ್ದ ಅವರು, ಸಮುದ್ರಮಟ್ಟದಿಂದ 3,600 ಮೀಟರಿಗೂ ಎತ್ತರದ ಆ ತೆಳುಗಾಳಿಯಲ್ಲಿ ಕ್ಯಾಮೆರಾ ಹಿಡಿದು ಓಡಿದರು. ಬಿಲ್ಲಿನ ಬುಡ ಅರಮನೆಯ ಮೇಲೆ ಬಂದು ನಿಲ್ಲುವ ಜಾಗ ಸಿಕ್ಕಿದಾಗ ಚಿತ್ರ ತೆಗೆದರು. ಅವರಿಗೆ ಹೆಸರು ತಂದ ಚಿತ್ರ ಅದು. ಬೆನ್ನ ಮೇಲೆ ಎಂಟು ಕಿಲೋ ಹೊತ್ತವರಿಗೆ ಆ ಓಟ ಸಾಧ್ಯವೇ?

ಈಗ ಲೆನ್ಸ್‌ಗಳ ವಿಷಯಕ್ಕೆ ಬರೋಣ. ಒಂದೇ ಜೂಮಿನ ಎರಡು ಲೆನ್ಸ್‌ಗಳಲ್ಲಿ ಒಂದು ಹಗುರ, ಇನ್ನೊಂದು ಅದರ ಎರಡರಷ್ಟು ಭಾರ ಏಕೆ? ಉತ್ತರ ಅಪರ್ಚರಿನಲ್ಲಿದೆ, ಅಂದರೆ ಬೆಳಕು ಒಳಗೆ ಬರುವ ಕಿಂಡಿಯಲ್ಲಿ. ಲೆನ್ಸಿನ ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಕಿಂಡಿಯ ಅಗಲ ಸಿಗುತ್ತದೆ. 200 ಎಂಎಂ ಲೆನ್ಸ್ ಎಫ್ 2.8ಕ್ಕೆ ತೆರೆದುಕೊಳ್ಳಬೇಕಾದರೆ ಕಿಂಡಿ 71 ಮಿಲಿಮೀಟರ್ ಅಗಲವಾಗಬೇಕು. ಎಫ್ 4 ಸಾಕೆಂದರೆ 50 ಮಿಲಿಮೀಟರಿಗೇ ಮುಗಿಯಿತು. ಕಿಂಡಿ ಹಿಗ್ಗಿದಷ್ಟೂ ಗಾಜು ದಪ್ಪ, ಗಾಜು ದಪ್ಪವಾದಷ್ಟೂ ಭಾರ. ಕ್ಯಾನನ್ನಿನ ಇಎಫ್ ಸಾಲಿನ 70-200 ಎಫ್ 2.8 ಲೆನ್ಸ್ ಒಂದೂವರೆ ಕಿಲೋದ ಹತ್ತಿರ ತೂಗುತ್ತದೆ; ಅದೇ ಸಾಲಿನ 70-200 ಎಫ್ 4 ಅದರ ಅರ್ಧದಷ್ಟು.

ಆ ದೊಡ್ಡ ಕಿಂಡಿ ನಮಗೆ ಬೇಕೇ? ಮದುವೆ ಮನೆಯ ಮಂದ ಬೆಳಕಿನಲ್ಲಿ ಬೇಕು. ಮುಖ ಮಾತ್ರ ಸ್ಪಷ್ಟವಾಗಿ, ಹಿನ್ನೆಲೆ ಮಸುಕಾಗಿ ಬರಬೇಕಾದಾಗ ಬೇಕು. ಬೆಟ್ಟದ ಚಿತ್ರಕ್ಕೆ ನಾವು ಬಳಸುವುದು ಎಫ್ 8, ಹೆಚ್ಚೆಂದರೆ ಎಫ್ 11. ಹುಲ್ಲಿನಿಂದ ಹಿಡಿದು ದೂರದ ಗುಡ್ಡದವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕು ಎಂಬುದೇ ನಮ್ಮ ಆಸೆ. ಎಫ್ 8ರಲ್ಲಿ ಸಾಧಾರಣ ಕಿಟ್ ಲೆನ್ಸೂ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಿರುವಾಗ ತೆರೆಯದ ಕಿಂಡಿಯ ಭಾರವನ್ನು 20 ಕಿಲೋಮೀಟರ್ ಹೊರುವುದೇಕೆ? ಎಫ್ 2.8 ಲೆನ್ಸ್ ಇದ್ದವರು ಅದನ್ನು ಈ ದಾರಿಗೆ ಮನೆಯಲ್ಲೇ ಬಿಡಿ. ಇಲ್ಲದವರು ಇಲ್ಲವೆಂದು ಕೊರಗಬೇಡಿ.

ಹಾಗಾದರೆ ಯಾವುದನ್ನು ಒಯ್ಯಬೇಕು? ನನ್ನ ಸಲಹೆ ಎರಡು ಲೆನ್ಸ್. ಮೊದಲನೆಯದು ಸಾಧಾರಣ ಜೂಮ್. ಕ್ರಾಪ್ ಸೆನ್ಸರ್ ಕ್ಯಾಮೆರಾ ಇದ್ದರೆ 18-55, ಫುಲ್ ಫ್ರೇಮ್ ಇದ್ದರೆ 24-70 ಅಥವಾ 24-105, ಎಫ್ 4ರದ್ದು. ಎರಡನೆಯದು ಹಗುರವಾದ ಟೆಲಿ ಜೂಮ್. ಕ್ರಾಪ್ ಸೆನ್ಸರಿಗೆ 55-250 ಅಥವಾ 70-300, ಫುಲ್ ಫ್ರೇಮಿಗೆ 70-200 ಎಫ್ 4. ಈಗ ಚೀಟಿಯಲ್ಲಿ ಬರೆದುಕೊಳ್ಳಿ: ಕ್ಯಾನನ್ನಿನ 18-55 ಎಸ್‌ಟಿಎಂ 205 ಗ್ರಾಂ, 55-250 ಎಸ್‌ಟಿಎಂ 375 ಗ್ರಾಂ. ಎರಡೂ ಸೇರಿ 580 ಗ್ರಾಂ; ಒಂದು ಸಣ್ಣ ನೀರಿನ ಬಾಟಲಿಯಷ್ಟು. ನಿಕಾನಿನ 18-55 ಮತ್ತು 70-300ರ ಹಗುರ ಜೋಡಿಯೂ ಸುಮಾರು ಇಷ್ಟೇ ತೂಗುತ್ತದೆ.

ಬೆಟ್ಟ ಎಂದರೆ ವೈಡ್ ಲೆನ್ಸ್ ತಾನೇ, ಟೆಲಿ ಯಾಕೆ ಎಂದು ನೀವು ಕೇಳಬಹುದು. ಬಹಳ ಜನ ಹಾಗೆಯೇ ತಿಳಿದಿದ್ದಾರೆ. ವೈಡ್ ಲೆನ್ಸ್ ಹತ್ತಿರದ್ದನ್ನು ದೊಡ್ಡದು ಮಾಡುತ್ತದೆ, ದೂರದ್ದನ್ನು ಕುಗ್ಗಿಸುತ್ತದೆ. ಕಾಲ ಬುಡದಲ್ಲೇ ಹಳ್ಳದ ಕಲ್ಲೋ ಹೂವೋ ಇದ್ದರೆ ಸರಿ. ಅದಿಲ್ಲದೆ ಬರೀ ಬೆಟ್ಟಕ್ಕೆ ಹಿಡಿದರೆ, ಕಣ್ಣಿಗೆ ಆಕಾಶ ಮುಟ್ಟಿದಂತೆ ಕಂಡ ಶಿಖರ ಚಿತ್ರದಲ್ಲಿ ಹುತ್ತದಷ್ಟಾಗುತ್ತದೆ.

ದಾರಿಯಲ್ಲಿ ಒಂಟಿಮರ ಎಂಬ ಜಾಗ ಬರುತ್ತದೆ. ಅಲ್ಲಿ ಹೀಗೆ ಮಾಡಿ ನೋಡಿ. 18 ಎಂಎಂ ಇಟ್ಟುಕೊಂಡು ಮರದಿಂದ 10 ಹೆಜ್ಜೆ ದೂರ ನಿಂತು ಒಂದು ಚಿತ್ರ ತೆಗೆಯಿರಿ. ಆಮೇಲೆ, ದಾರಿ ಬಿಟ್ಟು ಇಳಿಯದೆ, 30 ಹೆಜ್ಜೆ ದೂರಕ್ಕೆ ಹೋಗಿ 54 ಎಂಎಂಗೆ ಜೂಮ್ ಮಾಡಿ ಇನ್ನೊಂದು ತೆಗೆಯಿರಿ. ಎರಡರಲ್ಲೂ ಮರದ ಗಾತ್ರ ಒಂದೇ. ಆದರೆ ಎರಡನೆಯದರಲ್ಲಿ ಮರದ ಹಿಂದಿನ ಬೆಟ್ಟ ಮೂರರಷ್ಟು ದೊಡ್ಡದಾಗಿ ಎದ್ದು ಬಂದಿರುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಲೆನ್ಸ್ ಆರಿಸುವುದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೂ ಮೇಲೆ ಹೋದಾಗ ಟೆಲಿಯ ಬೆಲೆ ಗೊತ್ತಾಗುತ್ತದೆ. ಕುದುರೆಮುಖದ ಚೆಲುವು ಅದರ ಮಡಿಕೆಗಳಲ್ಲಿದೆ. ಬೋಳು ಇಳಿಜಾರಿನ ತುಂಬ ಹುಲ್ಲು. ನೀರು ಸೇರುವ ಮಡಿಕೆಗಳಲ್ಲಿ ಮಾತ್ರ ಶೋಲ ಕಾಡು, ಹಸಿರು ಶಾಲಿಗೆ ಕಪ್ಪು ಅಂಚು ಹಾಕಿದಂತೆ. 150 ಅಥವಾ 200 ಎಂಎಂನಲ್ಲಿ ಅದರ ಒಂದೇ ಒಂದು ತುಣುಕನ್ನು ಆರಿಸಿ ನೋಡಿ. ಒಂದರ ಹಿಂದೆ ಒಂದು ನಿಂತ ಗುಡ್ಡಗಳು ಹತ್ತಿರ ಬಂದು, ನಡುವೆ ಮಂಜಿನ ಗೆರೆಗಳು ಮೂಡುತ್ತವೆ. ವೈಡ್ ಲೆನ್ಸಿನಲ್ಲಿ ಇವು ಕಾಣುವುದೇ ಇಲ್ಲ.

ಇಡೀ ದಿಗಂತ ಒಂದೇ ಚಿತ್ರದಲ್ಲಿ ಬೇಕು ಎನ್ನುವವರಿಗೂ ದಾರಿಯಿದೆ. ಕ್ಯಾಮೆರಾವನ್ನು ಉದ್ದುದ್ದ ಹಿಡಿದು, 35 ಎಂಎಂನಲ್ಲಿ ಎಡದಿಂದ ಬಲಕ್ಕೆ ಐದಾರು ಚಿತ್ರ ತೆಗೆಯಿರಿ. ಒಂದರ ಮೂರನೇ ಒಂದು ಭಾಗ ಮುಂದಿನದರಲ್ಲೂ ಇರಲಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಜೋಡಿಸಿ. ಬೇಡವೆಂದರೆ ಜೇಬಿನ ಫೋನಿನಲ್ಲೂ ಈಗ ವೈಡ್ ಕ್ಯಾಮೆರಾ ಇರುತ್ತದೆ. ನೆನಪಿನ ಚಿತ್ರಕ್ಕೆ ಅದು ಧಾರಾಳ ಸಾಕು.

ಟ್ರೈಪಾಡ್ ಬಿಟ್ಟು ಹೋಗುವವರು ಎರಡು ಮಾತು ನೆನಪಿಡಿ. ಮೊದಲನೆಯದು ಶಟರ್ ವೇಗ. ಕ್ರಾಪ್ ಸೆನ್ಸರಿನಲ್ಲಿ 200 ಎಂಎಂ ಬಳಸುವಾಗ ವೇಗ ಸೆಕೆಂಡಿನ 320ನೇ ಒಂದು ಭಾಗಕ್ಕಿಂತ ನಿಧಾನವಾಗದಿರಲಿ. ಬೆಳಕು ಸಾಲದಿದ್ದರೆ ಐಎಸ್‌ಒ 400ಕ್ಕೆ, 800ಕ್ಕೆ ಏರಿಸಲು ಹೆದರಬೇಡಿ. ಅಲುಗಾಟ ತಡೆಯುವ ವ್ಯವಸ್ಥೆ ಇರುವ ಲೆನ್ಸ್ ಆದರೆ ಇನ್ನೂ ಅನುಕೂಲ. ಎರಡನೆಯದು ಫೋಕಸ್. ಕ್ರಾಪ್ ಸೆನ್ಸರಿನಲ್ಲಿ 18 ಎಂಎಂ, ಎಫ್ 11 ಇಟ್ಟು, ಸುಮಾರು ಒಂದೂವರೆ ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿದರೆ, ಮುಕ್ಕಾಲು ಮೀಟರಿನಿಂದ ಹಿಡಿದು ದಿಗಂತದವರೆಗೆ ಸ್ಪಷ್ಟತೆ ಸಿಗುತ್ತದೆ.

ಮಲೆನಾಡಿನಲ್ಲಿ ಲೆನ್ಸಿನ ಶತ್ರು ತೇವ. ಬದಲಿಸುವಾಗ ಗಾಳಿಗೆ ಬೆನ್ನು ಮಾಡಿ ನಿಂತು, ಕ್ಯಾಮೆರಾದ ಬಾಯಿ ಕೆಳಗಿರಲಿ. ಹುಡ್ ಹಾಕಿಯೇ ಇರಿ, ತುಂತುರು ಗಾಜಿಗೆ ನೇರ ತಾಗುವುದಿಲ್ಲ. ಒಣಗಿದ ಮೆತ್ತನೆ ಬಟ್ಟೆ ಎರಡಿರಲಿ, ಒಂದು ಒದ್ದೆಯಾದರೆ ಇನ್ನೊಂದು. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಹೊರತೆಗೆದರೆ ಗಾಜಿಗೆ ಹಬೆ ಹಿಡಿಯುತ್ತದೆ. ಚೀಲದೊಳಗೇ ಅರ್ಧ ಗಂಟೆ ಬಿಡಿ. ಊರಿಗೆ ಮರಳಿದ ಮೇಲೆ ಒದ್ದೆ ಚೀಲದಲ್ಲೇ ಇಟ್ಟು ಮರೆಯಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬೂಷ್ಟು ಒಳಗಿನ ಗಾಜಿಗೆ ಹಿಡಿದರೆ ಬಿಡಿಸುವುದು ಬಲು ಕಷ್ಟ.

ಕೊನೆಗೆ, ಹೊರಡುವ ಮೊದಲು ಮನೆಯಲ್ಲೇ ಮಾಡಬಹುದಾದ ಎರಡು ಕೆಲಸ. ಹಿಂದಿನ ಪ್ರವಾಸಗಳಲ್ಲಿ ನಿಮಗೆ ಇಷ್ಟವಾದ 50 ಚಿತ್ರ ತೆರೆಯಿರಿ. ಪ್ರತಿ ಚಿತ್ರದ ಮಾಹಿತಿಯಲ್ಲಿ ಫೋಕಲ್ ಲೆಂತ್ ಬರೆದಿರುತ್ತದೆ. ಅದನ್ನು ಚೀಟಿಯಲ್ಲಿ ಗುರುತು ಹಾಕುತ್ತ ಹೋಗಿ. ಯಾವ ಲೆನ್ಸಿನ ಹೆಸರಿನ ಮುಂದೆ ಗೀಟುಗಳೇ ಬೀಳುವುದಿಲ್ಲವೋ ಅದು ಮನೆಯಲ್ಲಿರಲಿ. ಆಮೇಲೆ ಅಡುಗೆಮನೆಯ ತಕ್ಕಡಿ ತಂದು ಬಾಡಿ, ಲೆನ್ಸ್, ಬ್ಯಾಟರಿ ಎಲ್ಲವನ್ನೂ ತೂಗಿ. ಒಂದೂವರೆ ಕಿಲೋ ದಾಟಿದರೆ ಇನ್ನೊಮ್ಮೆ ಯೋಚಿಸಿ. ಕಡಿಮೆಯಾದ ತೂಕಕ್ಕೆ ಸರಿಯಾಗಿ ಇನ್ನೊಂದು ಬಾಟಲಿ ನೀರು ಇಟ್ಟುಕೊಳ್ಳಿ. ಬೆಟ್ಟದ ಮೇಲೆ ಅದನ್ನು ಕುಡಿದಾಗ, ಮನೆಯಲ್ಲಿ ಬಿಟ್ಟು ಬಂದ ಲೆನ್ಸಿನ ನೆನಪೂ ಬರುವುದಿಲ್ಲ.

ಮಂಜು ಕೂರುವ ಮೊದಲೇ ನೀವು ತುದಿ ಮುಟ್ಟಿರಿ ಎಂದು ಹಾರೈಸುತ್ತೇನೆ.